ಎಂಜಿನ್ ಕಟ್ಟಿಸಿದ ಹಳೇ ಕಾರು: ಮೊದಲ ಸ್ಟಾರ್ಟಿಗೆ ಮುಂಚೆ ಆಯಿಲ್ ಲೈಟ್ ನೋಡಿ

ಅಂಬಾಸಿಡರ್, ಫಿಯಟ್, ಜೀಪು, ಯಾವುದೇ ಇರಲಿ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿ ಮೊದಲ ಸಲ ಸ್ಟಾರ್ಟ್ ಮಾಡಿಸುವವರಿದ್ದರೆ ಒಂದು ಮಾತು. ಆಯಿಲ್ ಪ್ರೆಶರ್ (ಪಂಪು ಎಂಜಿನ್ ಒಳಗೆ ಎಣ್ಣೆ ತಳ್ಳುವ ಒತ್ತಡ) ಬಂದಿದೆ ಅಂತ ಕಣ್ಣಾರೆ ನೋಡುವವರೆಗೆ ಯಾರಿಗೂ ಸ್ಟಾರ್ಟ್ ಮಾಡಲು ಬಿಡಬೇಡಿ. ಮೇಸ್ತ್ರಿ ಎಷ್ಟೇ ಹಳಬರಾಗಿರಲಿ, ಬಿಡಬೇಡಿ.

ನಮ್ಮದು ದೊಡ್ಡಪ್ಪನ ಕಾಲದ ಅಂಬಾಸಿಡರ್. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ತೀರ್ಥಹಳ್ಳಿ ಕಡೆ ಅಡಿಕೆ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಏರ್ ಕ್ಲೀನರ್ ಬಿಚ್ಚಿದರೆ ಒಳಗೆ ಅಡಿಕೆ ಸಿಪ್ಪೆ ತುಂಬಿ ಇಲಿ ಗೂಡು ಮಾಡಿತ್ತು. ಶಿವಮೊಗ್ಗದ ಒಂದು ಗ್ಯಾರೇಜಿಗೆ ಕೊಟ್ಟೆವು. ಹೆಸರು ಬೇಡ. ಬೋರ್ ಮಾಡಿಸಿ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಪ್ಪ ದಂಡ) ಗ್ರೈಂಡ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹಾಕಿದರು. ಆ ಕೆಲಸ ನಿಜಕ್ಕೂ ಚೆನ್ನಾಗಿಯೇ ಇತ್ತು. ಎಂಜಿನ್ ಕೂರಿಸಿದ್ದು ಮಳೆ ಹಿಡಿಯುವ ಮೊದಲು. ಆಮೇಲೆ ಟಿಂಕರಿಂಗ್, ಪೇಂಟಿಂಗ್ ಅಂತ ಮಳೆಗಾಲ ಪೂರ್ತಿ ಹೋಯಿತು. ನಮ್ಮ ಮಳೆಯಲ್ಲಿ ಪೇಂಟ್ ಒಣಗಿಸುವುದು ಗೊತ್ತಲ್ಲ.

ಎಡವಟ್ಟಾಗಿದ್ದು ಅಲ್ಲೇ. ಕಟ್ಟುವಾಗ ಬೇರಿಂಗಿಗೆ ಸವರಿದ ಎಣ್ಣೆ ತಿಂಗಳುಗಟ್ಟಲೆ ನಿಂತರೆ ಇಳಿದುಹೋಗುತ್ತದೆ. ಆಯಿಲ್ ಪಂಪು ಕೂಡ ಒಣಗಿರುತ್ತದೆ. ಒಣಗಿದ ಪಂಪು ಸುಮ್ನೆ ತಿರುಗುತ್ತದೆ, ಕೆಳಗಿನ ಎಣ್ಣೆಯನ್ನು ಎಳೆಯುವುದೇ ಇಲ್ಲ. ಅಂಬಾಸಿಡರ್ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಜಾತಿಯದು. ಪಂಪು ಹೀಗೆ ಕೈಕೊಡುವುದು ಆ ಜಾತಿಗೆ ಹೊಸದೇನಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಫುಲ್ ತೋರಿಸಿದರೂ ಕ್ರ್ಯಾಂಕಿಗೆ ಒಂದು ಹನಿಯೂ ಮುಟ್ಟಿರುವುದಿಲ್ಲ.

ಸ್ಟಾರ್ಟ್ ಮಾಡುವ ದಿನ ಪೂಜೆ ಆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಸುತ್ತ ಮೊಬೈಲ್ ಹಿಡಿದ ಹುಡುಗರು. ಮೇಸ್ತ್ರಿ ಕೀ ಆನ್ ಮಾಡಿದರು. ಚಾರ್ಜಿಂಗ್ ಲೈಟ್ ಹತ್ತಿತು, ಆಯಿಲ್ ಲೈಟ್ ಹತ್ತಲಿಲ್ಲ.

"ಮೇಸ್ತ್ರಿ, ಆಯಿಲ್ ಲೈಟ್ ಹತ್ತಲಿಲ್ವಲ್ಲ?" ಅಂದೆ.

"ಹತ್ತದಿದ್ರೆ ಒಳ್ಳೇದೇ ಅಲ್ವಾ ಗೌಡ್ರೆ. ಹತ್ತಿದ್ರೆ ತಾನೇ ತೊಂದ್ರೆ?"

ಎಲ್ಲರೂ ನಕ್ಕರು. ಈ ಮಾತನ್ನು ನಂಬಬೇಡಿ. ಎಂಜಿನ್ ನಿಂತಿರುವಾಗ ಪ್ರೆಶರ್ ಇರುವುದಿಲ್ಲ, ಹಾಗಾಗಿ ಕೀ ಆನ್ ಮಾಡಿದ ಕೂಡಲೇ ಆ ಕೆಂಪು ದೀಪ ಹತ್ತಲೇಬೇಕು. ಸ್ಟಾರ್ಟ್ ಆಗಿ ಪ್ರೆಶರ್ ಬಂದ ಮೇಲೆ ಆರಬೇಕು. ಮೊದಲೇ ಹತ್ತದ ದೀಪ ಆಮೇಲೆ ಏನನ್ನೂ ಹೇಳುವುದಿಲ್ಲ. ನಮ್ಮದರಲ್ಲಿ ಬಲ್ಬು ಚೆನ್ನಾಗಿಯೇ ಇತ್ತು. ಬ್ಲಾಕಿನಲ್ಲಿ, ಅಂದರೆ ಎಂಜಿನ್ ಮೈಯಲ್ಲಿ, ಪ್ರೆಶರ್ ನೋಡಿ ದೀಪ ಹತ್ತಿಸಿ ಆರಿಸುವ ಆಯಿಲ್ ಸ್ವಿಚ್ಚಿಗೆ ವೈರೇ ಹಾಕಿರಲಿಲ್ಲ. ತುದಿಗೆ ಟೇಪ್ ಸುತ್ತಿ ಹಾಗೇ ಬಿಟ್ಟಿದ್ದರು.

ಹುಡುಗನೊಬ್ಬ ಬಾಟಲಿಯಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಸುರಿದ. ಇದೂ ಅಪಾಯವೇ. ಟೈಮಿಂಗ್ ಸ್ವಲ್ಪ ತಪ್ಪಿದ್ದರೂ ಕಾರ್ಬೊರೇಟರ್ ಬಾಯಿಂದಲೇ ಬೆಂಕಿ ಬರುತ್ತದೆ. ಪುಣ್ಯಕ್ಕೆ ಬರಲಿಲ್ಲ. ಗಾಡಿ ಸ್ಟಾರ್ಟ್ ಆಯಿತು, ಚಪ್ಪಾಳೆ. "ರೇಸ್ ಕೊಡಿ ಮೇಸ್ತ್ರಿ, ವಿಡಿಯೋ ಚೆನ್ನಾಗಿ ಬರ್ಲಿ" ಅಂದರು ಯಾರೋ. ಕೊಟ್ಟರು. ಮೊದಲು ಮೇಲಿನಿಂದ ಟ್ಯಾಪೆಟ್ ಕಟಕಟ ಅಂದಿತು. "ಹೊಸ ಎಂಜಿನ್, ಸೆಟ್ ಆಗುತ್ತೆ" ಅಂದರು. ಆಮೇಲೆ ಕೆಳಗಿನಿಂದ, ಎಂಜಿನ್ನಿನ ಹೊಟ್ಟೆಯಿಂದ ಡಕ್ ಡಕ್ ಅಂತ ದಪ್ಪ ಸದ್ದು. ಅದು ಬಿಗ್ ಎಂಡ್, ಪಿಸ್ಟನ್ ರಾಡು ಕ್ರ್ಯಾಂಕಿಗೆ ಕೂರುವ ಕಡೆಯ ಬೇರಿಂಗ್. ಆಫ್ ಮಾಡಿ ಅಂತ ಕೂಗಿಕೊಳ್ಳುವ ಹೊತ್ತಿಗೆ ಕೆಲಸ ಮುಗಿದಿತ್ತು.

ಬೇರೆ ಮೆಕ್ಯಾನಿಕ್ ಕರೆಸಿ ಸಂಪ್, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿ, ಇಳಿಸಿದೆವು. ಟ್ರೇಗೆ ಇಳಿದ ಎಣ್ಣೆಯಲ್ಲಿ ತಾಮ್ರದ ಬಣ್ಣದ ಪುಡಿ ಮಿನುಗುತ್ತಿತ್ತು. ಬೇರಿಂಗ್ ಶೆಲ್ ಹೊಸದರಲ್ಲಿ ಮಾಸಲು ಬೂದು ಬಣ್ಣ, ಉಗುರಿಗೂ ನಯ. ನಮ್ಮದರಲ್ಲಿ ಆ ಪದರ ಕೆರೆದುಹೋಗಿ ಒಳಗಿನ ತಾಮ್ರ ಕಾಣುತ್ತಿತ್ತು. ಕ್ರ್ಯಾಂಕಿನ ಮೇಲೆ ಉಗುರು ಆಡಿಸಿದರೆ ಗೆರೆ ಸಿಗುತ್ತಿತ್ತು. 10 ಅಂಡರ್‌ಸೈಜ್ (ಇಂಚಿನ ಸಾವಿರದಲ್ಲಿ ಹತ್ತು ಭಾಗ ಸಣ್ಣ) ಇದ್ದ ಕ್ರ್ಯಾಂಕ್ ಮತ್ತೆ ಗ್ರೈಂಡ್ ಆಗಿ 20 ಆಯಿತು. ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಒಳ್ಳೆ ಕ್ರ್ಯಾಂಕ್ ಬೇಕೆಂದರೆ ಗುಜರಿ ಅಂಗಡಿ ಸುತ್ತಬೇಕು. ಮೊದಲಿನ ಗ್ಯಾರೇಜಿನವರು "ಬೇರಿಂಗ್ ಡೂಪ್ಲಿಕೇಟ್ ಇರ್ಬೇಕು" ಅಂದು ಕೈತೊಳೆದುಕೊಂಡರು. ಬೇರಿಂಗ್ ತಂದಿದ್ದೂ ಅವರೇ ಮಾರಾಯ್ರೆ.

ಎರಡನೇ ಮೆಕ್ಯಾನಿಕ್ ಮಾಡಿದ್ದನ್ನು ಹೇಳುತ್ತೇನೆ, ನೀವೂ ಹಟ ಹಿಡಿದು ಹೀಗೇ ಮಾಡಿಸಿ. ಪಂಪು ಕೂರಿಸುವ ಮೊದಲು ಒಳಗೆ ವ್ಯಾಸಲೀನ್ ತುಂಬಿದರು. ಅದು ಪಂಪಿಗೆ ಮೊದಲ ಹಿಡಿತ ಕೊಡುತ್ತದೆ, ಆಮೇಲೆ ಬಿಸಿಗೆ ಕರಗಿ ಎಣ್ಣೆಯಲ್ಲಿ ಸೇರಿಹೋಗುತ್ತದೆ. ಆಯಿಲ್ ಸ್ವಿಚ್ ತೆಗೆದು ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿದರು. ನಾಲ್ಕೂ ಪ್ಲಗ್ ಬಿಚ್ಚಿ, ಕಿಡಿ ಬಾರದಂತೆ ಕಾಯಿಲ್ ವೈರ್ ತೆಗೆದು, ಬರೀ ಸ್ಟಾರ್ಟರಿನಲ್ಲಿ ತಿರುಗಿಸಿದರು. ಒಂದೇ ಸಮನೆ ಅಲ್ಲ, ಹತ್ತು ಸೆಕೆಂಡ್ ತಿರುಗಿಸಿ ಸ್ಟಾರ್ಟರ್ ತಣ್ಣಗಾಗಲು ಬಿಟ್ಟು ಮತ್ತೆ. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ ಇರುವುದಿಲ್ಲ, ಬೇರಿಂಗಿಗೆ ಭಾರ ಬೀಳುವುದಿಲ್ಲ. ಮುಳ್ಳು ಏಳುವವರೆಗೆ ಇಷ್ಟೇ ಕೆಲಸ. ಜೊತೆಗೆ ಮೇಲಿನ ಟ್ಯಾಪೆಟ್ ಕವರ್ ತೆಗೆದು ನೋಡಿದೆವು. ಎಣ್ಣೆ ಕೊನೆಗೆ ತಲುಪುವ ಜಾಗ ಅದು. ರಾಕರ್‌ಗಳಿಂದ ಎಣ್ಣೆ ಜಿನುಗಿದ ಮೇಲೇ ಪ್ಲಗ್ ವಾಪಸ್ ಹಾಕಿದ್ದು.

ಎಣ್ಣೆ 20ಡಬ್ಲ್ಯೂ-50 ಮಿನರಲ್. ಹೊಸ ಕಾರಿನ ತೆಳು ಎಣ್ಣೆ ಬೇಡ. ಹೊಸ ಕ್ಯಾಮ್ (ವಾಲ್ವ್ ಎತ್ತಿಸುವ ದಂಡ), ಟ್ಯಾಪೆಟ್ ಹಾಕಿದ್ದರೆ ಝಿಂಕ್ ಅಂಶ ಇರುವ ಎಣ್ಣೆ ಕೇಳಿ ತನ್ನಿ. ಅಂಥ ಎಂಜಿನ್ನನ್ನು ಸ್ಟಾರ್ಟ್ ಆದ ಮೇಲೆ ಐಡಲ್‌ನಲ್ಲಿ ಬಿಡಬಾರದು, ಸುಮಾರು 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು. ಅದಕ್ಕೇ ಪ್ರೆಶರ್ ಮೊದಲೇ ಖಾತ್ರಿ ಆಗಿರಬೇಕು. ಗೇಜ್ ಮುಳ್ಳು ಬಿದ್ದರೆ ಅಥವಾ ನೀರು ಕುದಿಯಲು ಶುರುವಾದರೆ ತಕ್ಷಣ ಆಫ್.

ಹಳೇ ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಹಳೇ ರಬ್ಬರು, ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ ಅದಕ್ಕೆ ತಡೆಯುವುದಿಲ್ಲ. ಕೊಟ್ಟಿಗೆಯಲ್ಲೇ ಸ್ಟಾರ್ಟ್ ಮಾಡುವವರು ಒಣ ಸಿಪ್ಪೆ, ಗೋಣಿಚೀಲ ಎಲ್ಲ ಹೊರಗೆ ಹಾಕಿ. ಬಾಗಿಲು ತೆರೆದಿಡಿ, ಹೊಗೆ ವಿಷ. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಕೈಗೆ ಸಿಗುವಂತಿರಲಿ, ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ. ಸ್ಟೇರಿಂಗ್ ಗೇರಿನಲ್ಲಿ ನ್ಯೂಟ್ರಲ್ ಸಿಕ್ಕಿದೆಯೋ ಇಲ್ಲವೋ ತಿಳಿಯುವುದೇ ಕಷ್ಟ, ಚಕ್ರಕ್ಕೆ ಕಲ್ಲು ಕೊಡಿ.

ಗ್ಯಾರೇಜಿನಲ್ಲಿ ಈಗಾಗಲೇ ಗಾಡಿ ಬಿಟ್ಟಿರುವವರು ಇವತ್ತೇ ಫೋನ್ ಮಾಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ಮೇಲೆ ಮೊದಲು ಕೀ ಆನ್ ಮಾಡಿಸಿ. ಕೆಂಪು ದೀಪ ಹತ್ತದಿದ್ದರೆ ಸ್ವಿಚ್ಚಿನ ವೈರ್ ಬಿಚ್ಚಿ ಬ್ಲಾಕಿಗೆ ಮುಟ್ಟಿಸಿ ನೋಡಲು ಹೇಳಿ. ಆಗ ಹತ್ತಿದರೆ ಸ್ವಿಚ್ಚು ಹೋಗಿದೆ, ಆಗಲೂ ಹತ್ತದಿದ್ದರೆ ಬಲ್ಬೋ ವೈರೋ.