ಗ್ರಾಜುಯೇಟ್ ಸರ್ಟಿಫಿಕೇಟೋ, ಮಾಸ್ಟರ್ಸೋ: ಎಂಜಿನಿಯರ್‌ಗಳಿಗಾಗಿ ಒಂದು ವಿಮರ್ಶೆ

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಎಂಜಿನಿಯರಿಂಗ್ ಪದವೀಧರರ ಮುಂದೆ ಗ್ರಾಜುಯೇಟ್ ಸರ್ಟಿಫಿಕೇಟ್ ಮತ್ತು ಮಾಸ್ಟರ್ಸ್ ಎರಡನ್ನೂ ಇಡುತ್ತವೆ. ಮೊದಲನೆಯದು ಸಾಮಾನ್ಯವಾಗಿ 9ರಿಂದ 15 ಕ್ರೆಡಿಟ್‌ಗಳ ಓದು, ಎರಡನೆಯದು 30ರಿಂದ 36. (ಕ್ರೆಡಿಟ್ ಎಂದರೆ ಓದಿನ ಪ್ರಮಾಣದ ಅಳತೆ.) ಬೋಧನೆಯ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬಹುತೇಕ ಕಡೆ ತರಗತಿ, ಪ್ರಾಧ್ಯಾಪಕರು, ಪರೀಕ್ಷೆ ಎಲ್ಲವೂ ಒಂದೇ. ಪ್ರತಿ ಕ್ರೆಡಿಟ್‌ನ ಶುಲ್ಕವೂ ಹೆಚ್ಚಾಗಿ ಸಮನಾಗಿರುವುದರಿಂದ ಸರ್ಟಿಫಿಕೇಟ್ ಅಗ್ಗವೆಂಬುದು ಜಾಹೀರಾತಿನ ಮಾತು. ಅದು ಚಿಕ್ಕದು, ಅಷ್ಟೆ.

ಯಂತ್ರ ವಿನ್ಯಾಸದಲ್ಲಿ ವರ್ಷಗಟ್ಟಲೆ ದುಡಿದು, ಈಗ ಕಂಟ್ರೋಲ್ ಸಿಸ್ಟಮ್ಸ್ ಕಲಿಯಬೇಕಾಗಿ ಬಂದ ಎಂಜಿನಿಯರ್‌ಗೆ ಆ ಚಿಕ್ಕತನವೇ ಅನುಕೂಲ. ಶಾಖೆಯನ್ನೇ ಬದಲಿಸುವವರಿಗೆ ಮಾತ್ರ ಸರ್ಟಿಫಿಕೇಟಿನ ಮೂರು ನಾಲ್ಕು ಕೋರ್ಸು ಸಾಲದು. ಬುನಾದಿಯ ವಿಷಯಗಳಿಗೇ ಅರ್ಧ ಕಾಲ ಕಳೆದುಹೋಗುತ್ತದೆ.

ವಿದ್ಯಾರ್ಥಿ ವೀಸಾದ ಮೇಲೆ ಹೋಗಿ ಅಲ್ಲೇ ಕೆಲಸ ಹುಡುಕುವ ಉದ್ದೇಶವಿರುವವರು ಹೆಚ್ಚು ಯೋಚಿಸಬೇಕಿಲ್ಲ, ಮಾಸ್ಟರ್ಸೇ ಸರಿ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯಗಳಿಗೆ ಸಿಗುವ 24 ತಿಂಗಳ ಒಪಿಟಿ (ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ಅನುಮತಿ) ವಿಸ್ತರಣೆಗೆ ಪದವಿಯೇ ಬೇಕು, ಸರ್ಟಿಫಿಕೇಟ್ ಸಾಲದು. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ಪ್ರತ್ಯೇಕವಾಗಿರುವ 20,000 ಸ್ಥಾನಗಳೂ ಅಮೆರಿಕದಲ್ಲಿ ಮಾಸ್ಟರ್ಸ್ ಅಥವಾ ಅದಕ್ಕೂ ಮೇಲಿನ ಪದವಿ ಪಡೆದವರಿಗೇ ಮೀಸಲು.

ಉಳಿದವರ ವಿಷಯದಲ್ಲಿ ನನ್ನ ತೀರ್ಮಾನ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಈ ಕ್ರೆಡಿಟ್‌ಗಳು ಮುಂದೆ ಮಾಸ್ಟರ್ಸ್‌ಗೆ ಲೆಕ್ಕಕ್ಕೆ ಬರುತ್ತವೆಯೇ? ಅದೇ ವಿಭಾಗದಲ್ಲಿ ಮುಂದುವರಿದರೆ ಹೆಚ್ಚಿನ ಕಡೆ ಬರುತ್ತವೆ, ಆದರೆ ಸಾಮಾನ್ಯವಾಗಿ ಬಿ ದರ್ಜೆಗಿಂತ ಕಡಿಮೆಯಾಗಿರಬಾರದು, ಪ್ರವೇಶಕ್ಕೆ ಮತ್ತೆ ಅರ್ಜಿ ಹಾಕಬೇಕಾಗಬಹುದು, ಮತ್ತು ಐದರಿಂದ ಏಳು ವರ್ಷಗಳಷ್ಟು ಹಳೆಯದಾದ ಕ್ರೆಡಿಟ್‌ಗಳನ್ನು ಹಲವು ವಿಶ್ವವಿದ್ಯಾಲಯಗಳು ಕೈಬಿಡುತ್ತವೆ. ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಎರಡು ಮೂರು ಕೋರ್ಸುಗಳಿಗಿಂತ ಹೆಚ್ಚು ಒಪ್ಪುವುದು ಅಪರೂಪ. ಒಮ್ಮೆ ಸರ್ಟಿಫಿಕೇಟ್‌ಗೆ ಬಳಕೆಯಾದ ಕ್ರೆಡಿಟನ್ನು ಮುಟ್ಟುವುದೇ ಇಲ್ಲವೆನ್ನುವ ಕಡೆಗಳೂ ಇವೆ. ಇನ್ನು ಪ್ರೊಫೆಷನಲ್ ಸರ್ಟಿಫಿಕೇಟ್ ಎಂಬ ಹೆಸರಿನಲ್ಲಿ ನಡೆಯುವ ಓದುಗಳಲ್ಲಿ ಬಹಳಷ್ಟಕ್ಕೆ ಕ್ರೆಡಿಟ್ಟೇ ಇರುವುದಿಲ್ಲ, ಶುಲ್ಕ ಮಾತ್ರ ಧಾರಾಳವಾಗಿರುತ್ತದೆ. ಹಾಗಾಗಿ ಹಣ ಕಟ್ಟುವ ಮೊದಲೇ ವಿಭಾಗದಿಂದ ಲಿಖಿತ ಉತ್ತರ ಪಡೆಯುವುದು ಅಗತ್ಯ. ಆ ಉತ್ತರ ಹೌದು ಎಂದಾದರೆ ಸರ್ಟಿಫಿಕೇಟಿನಿಂದ ಆರಂಭಿಸುವುದನ್ನೇ ನಾನು ಶಿಫಾರಸು ಮಾಡುತ್ತೇನೆ, ಏಕೆಂದರೆ ನಡುವೆ ನಿಲ್ಲಿಸಿದರೂ ಕೈಯಲ್ಲೊಂದು ಪ್ರಮಾಣಪತ್ರ ಉಳಿಯುತ್ತದೆ. ಮಾಸ್ಟರ್ಸನ್ನು ಅರ್ಧಕ್ಕೆ ಬಿಟ್ಟವರ ಬಳಿ ಅಂಕಪಟ್ಟಿಯೊಂದೇ ಉಳಿಯುವುದು ಸಾಮಾನ್ಯ.

ಕಂಪನಿಯೇ ಶುಲ್ಕ ಭರಿಸುವುದಾದರೆ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಅರ್ಹ ಯೋಜನೆಯಡಿ ಉದ್ಯೋಗದಾತರು ಕೊಡುವ ಶಿಕ್ಷಣ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಕೇಂದ್ರ ಆದಾಯ ತೆರಿಗೆಯಿಲ್ಲ. ಹಲವೆಡೆ ಈ ಮೊತ್ತಕ್ಕೆ ವರ್ಷದಲ್ಲಿ ಒಂದೆರಡು ಕೋರ್ಸು ಮಾತ್ರ ಸಿಗುತ್ತವೆ. ಆ ವೇಗದಲ್ಲಿ ಸರ್ಟಿಫಿಕೇಟ್ ಆರಾಮವಾಗಿ ಮುಗಿಯುತ್ತದೆ, ಮಾಸ್ಟರ್ಸ್ ಮಾತ್ರ ಪದವಿಯ ಕಾಲಮಿತಿಯನ್ನೇ ಮೀರುವಷ್ಟು ಉದ್ದವಾಗಬಹುದು.