ಇನ್‌ಸ್ಟಾಗ್ರಾಮ್ ಕ್ಲೋಸ್ ಫ್ರೆಂಡ್ಸ್: ಒಂದು ವರ್ಷ ಬಳಸಿದ ಮೇಲೆ

ಇನ್‌ಸ್ಟಾಗ್ರಾಮಲ್ಲಿ ಕ್ಲೋಸ್ ಫ್ರೆಂಡ್ಸ್ ಅನ್ನೋ ಆಪ್ಶನ್ 2018ರ ನವೆಂಬರ್‌ನಿಂದಾನೇ ಇದೆ, ನಾನು ಅದನ್ನ ಸರಿಯಾಗಿ ಬಳಸೋಕೆ ಶುರು ಮಾಡಿದ್ದು ಮಾತ್ರ ಹೋದ ವರ್ಷ. ಫಾಲೋವರ್ಸ್ ಸಾವಿರ ದಾಟಿದ್ರೂ ಮನಸ್ಸು ಬಿಚ್ಚಿ ಮಾತಾಡೋಕೆ ಯಾರೂ ಇಲ್ಲ ಅನ್ನೋರು ನನ್ನ ಸುತ್ತ ತುಂಬಾ ಜನ ಇದಾರೆ, ನಾನೂ ಹಾಗೇ ಇದ್ದೆ, ಅದಕ್ಕೇ ಈ ರಿವ್ಯೂ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ನಿಮಗೆ ಬೇಕಾದೋರನ್ನ ಒಂದು ಲಿಸ್ಟಿಗೆ ಸೇರಿಸಿದ್ರೆ ಸ್ಟೋರಿ ಹಾಕುವಾಗ ಅವರಿಗಷ್ಟೇ ಕಾಣೋ ಹಾಗೆ ಹಾಕಬಹುದು, ಅವರಿಗೆ ಅದು ಹಸಿರು ರಿಂಗಲ್ಲಿ ಕಾಣುತ್ತೆ. 2023ರ ಕೊನೇಲಿ ಪೋಸ್ಟು, ರೀಲ್ಸ್‌ಗೂ ಇದು ಬಂತು. ಲಿಸ್ಟ್‌ನಲ್ಲಿ ಯಾರ್ಯಾರಿದಾರೆ ಅಂತ ನಿಮಗೆ ಮಾತ್ರ ಗೊತ್ತು, ಸೇರಿಸಿದ್ರೂ ತೆಗೆದ್ರೂ ಅವರಿಗೆ ನೋಟಿಫಿಕೇಶನ್ ಹೋಗಲ್ಲ, ನನ್ನನ್ನೂ ಸೇರಿಸು ಅಂತ ರಿಕ್ವೆಸ್ಟ್ ಕಳಿಸೋ ಬಟನ್ನೂ ಇಲ್ಲ. ಇದು ಚಿಕ್ಕ ವಿಷಯ ಅನ್ಕೋಬೇಡಿ, ದಾಕ್ಷಿಣ್ಯಕ್ಕೆ ಬಿದ್ದು ಜನ ಸೇರಿಸ್ತಾ ಹೋದ್ರೆ ಆ ಲಿಸ್ಟಿಗೆ ಅರ್ಥಾನೇ ಇರಲ್ಲ.

ಶುರುವಲ್ಲಿ ನಾನು ಹಾಗೇ ಮಾಡ್ದೆ. 80 ಜನ ಆದ್ರು. ಅಷ್ಟು ಜನ ನೋಡ್ತಾರೆ ಅಂದ್ರೆ ಹಾಕೋದೂ ಮತ್ತೆ ಚೆನ್ನಾಗಿ ಕಾಣೋ ಫೋಟೋನೇ, ಬರೋದೂ ಅದೇ ಬೆಂಕಿ ಇಮೋಜಿ. ಆಮೇಲೆ ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅವರ ಲೆಕ್ಕ ಓದಿದೆ, ಮನುಷ್ಯ ನಿಜವಾಗ್ಲೂ ಸಂಬಂಧ ಇಟ್ಕೊಳ್ಳೋಕಾಗೋದು ಸುಮಾರು 150 ಜನರ ಜೊತೆ, ಅದರೊಳಗೆ ಹತ್ತಿರದೋರು 15, ತೀರಾ ಹತ್ತಿರದೋರು 5 ಅಂತ. ಒಂದು ಭಾನುವಾರ ಕೂತ್ಕೊಂಡು ಒಂದೊಂದು ಹೆಸರು ನೋಡಿ, ಇವರ ಮನೇಲಿ ಈಗ ಏನು ನಡೀತಿದೆ ಗೊತ್ತಾ, ಗೊತ್ತಿಲ್ದಿದ್ರೆ ತಿಳ್ಕೋಬೇಕು ಅನ್ಸುತ್ತಾ ಅಂತ ನನ್ನನ್ನೇ ಕೇಳ್ಕೊಂಡೆ. ಉಳಿದಿದ್ದು 14 ಜನ. ಅದ್ರಲ್ಲಿ ಒಬ್ರನ್ನ ನಾನು ಇವತ್ತಿನವರೆಗೂ ಮುಖಾಮುಖಿ ನೋಡಿಲ್ಲ, ಗುಲಾಬಿ ಗಿಡಕ್ಕೆ ಬಿಳಿ ಹುಳ ಬಂದಾಗ ಬೇವಿನೆಣ್ಣೆ ಹೇಗೆ ಹೊಡೀಬೇಕು ಅಂತ ಕಾಮೆಂಟಲ್ಲಿ ಹೇಳಿಕೊಟ್ಟೋರು, ಹದಿನೈದು ದಿನ ಬಿಟ್ಟು ತಾವಾಗೇ ಬಂದು "ಗಿಡ ಚಿಗುರ್ತಾ?" ಅಂತ ಕೇಳಿದ್ರು.

ಈ ಫೀಚರ್ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಒಂದು ಸಂಜೆ. ಕಾಲೇಜಿನ ಗೆಳೆಯನ ಸ್ಟೋರಿ ಹಸಿರು ರಿಂಗಲ್ಲಿ ಬಂದಿತ್ತು. ಆಸ್ಪತ್ರೆ ಕಾರಿಡಾರು, ಸಾಲಾಗಿ ಸ್ಟೀಲ್ ಕುರ್ಚಿ, ಒಂದರ ಮೇಲೆ ಮಡಚಿಟ್ಟ ಹಳೇ ಸ್ವೆಟರ್, ಒಂದಕ್ಷರಾನೂ ಬರೆದಿಲ್ಲ. ಹೆಬ್ಬೆರಳು ಹಾರ್ಟ್ ಮೇಲೆ ಹೋಗಿತ್ತು, ವಾಪಸ್ ತಗೊಂಡು ವಾಯ್ಸ್ ಮೆಸೇಜ್ ಕಳಿಸ್ದೆ, ಯಾರಿಗೆ ಹುಷಾರಿಲ್ಲ ಕಣೋ, ನೀನು ಅಲ್ಲಿ ಒಬ್ನೇ ಇದೀಯೇನೋ ಅಂತ. ಎರಡು ಗಂಟೆ ಬಿಟ್ಟು ಮೂರು ವಾಯ್ಸ್ ಬಂತು. ಎರಡನೇದ್ರಲ್ಲಿ ಲಿಫ್ಟ್ ಬೆಲ್ಲು ಹೊಡ್ಯೋದು ಕೇಳುತ್ತೆ, ಆಮೇಲೆ ಸ್ವಲ್ಪ ಹೊತ್ತು ಅವನು ಏನೂ ಮಾತಾಡಿಲ್ಲ, ಉಸಿರಷ್ಟೇ. ಅಪ್ಪಂಗೆ ಆಪರೇಶನ್ ಅಂತೆ. ನಾಲ್ಕು ವರ್ಷ ನಾವಿಬ್ರೂ ಪ್ರತಿ ವಾರ ಒಬ್ಬರಿಗೊಬ್ರು ಲೈಕ್ ಒತ್ತಿದೀವಿ, ಒಂದ್ಸಲಾನೂ ದನಿ ಕೇಳಿರ್ಲಿಲ್ಲ. ಅವತ್ತು ರಾತ್ರಿ ಫೋನಲ್ಲಿ ಒಂದೂವರೆ ಗಂಟೆ ಮಾತಾಡಿದ್ವಿ.

ಎಲ್ಲರಿಗೂ ಕಾಣೋ ಸ್ಟೋರಿಲಿ ಆ ಫೋಟೋ ಅವನು ಹಾಕ್ತಾನೇ ಇರ್ಲಿಲ್ಲ ಅಂತ ಆಮೇಲೆ ಅವನೇ ಹೇಳಿದ. ನಂಗೆ ಈ ಆಪ್ಶನ್ ಇಷ್ಟ ಆಗಿದ್ದು ಅದಕ್ಕೇ.

ಕೊರತೆನೂ ಇದೆ. ಯಾರು ನೋಡಿದ್ರು ಅನ್ನೋ ಲಿಸ್ಟು ಇಲ್ಲೂ ಕಾಣುತ್ತೆ, 14ರಲ್ಲಿ ಒಬ್ರು ನೋಡಿ ಸುಮ್ನಿದ್ರೆ ಮನಸ್ಸಿಗೆ ಚುರುಕ್ ಅನ್ಸುತ್ತೆ, ಹಾಗಾಗಿ ಅದನ್ನ ತೆಗೆದು ನೋಡೋದನ್ನೇ ಬಿಟ್ಟಿದೀನಿ. ಸ್ಕ್ರೀನ್‌ಶಾಟ್ ತಗೊಂಡ್ರೆ ನಿಮಗೆ ಗೊತ್ತಾಗಲ್ಲ, ತೀರಾ ಗುಟ್ಟಿನ ವಿಷಯ ಹಾಕೋಕೆ ಹೋಗ್ಬೇಡಿ.

5ಕ್ಕೆ 4 ಸ್ಟಾರ್. ಒಂದು ಕಮ್ಮಿ ಮಾಡಿದ್ದು 24 ಗಂಟೆಗೆ ಸ್ಟೋರಿ ಮಾಯ ಆಗುತ್ತಲ್ಲ ಅದಕ್ಕೆ. ನನ್ನ ಲಿಸ್ಟಲ್ಲಿರೋ ಅಕ್ಕ ವಾರಕ್ಕೊಂದ್ಸಲ ಆಪ್ ತೆಗೀತಾಳೆ, ಅಷ್ಟೊತ್ತಿಗೆ ನಾನು ಹಾಕಿದ್ದೆಲ್ಲ ಹೋಗಿರುತ್ತೆ. ಅವಳಿಗೆ ಫೋನೇ ಮಾಡ್ತೀನಿ.