ತಲೆ ಭಾರದ್ದೋ, ಹಗುರದ್ದೋ? ಮೂರು ಶಟಲ್ ಬ್ಯಾಟ್, ಮೂರು ಕೈ

ಜೂನ್ ಶುರುವಾದರೆ ಶಿವಮೊಗ್ಗದ ಒಳಾಂಗಣ ಶಟಲ್ ಕೋರ್ಟ್‌ಗಳಲ್ಲಿ ಜನ ಜಾಸ್ತಿ. ಹೊರಗೆ ಮಳೆ, ಮೈದಾನವೆಲ್ಲ ಕೆಸರು. ಆಡಬೇಕು ಅಂದರೆ ಸೂರಿನ ಕೆಳಗೇ ಆಡಬೇಕು. ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ: ಯಾವ ಬ್ಯಾಟ್ ತಗೊಳ್ಳಲಿ? ಪಕ್ಕದವರು ಒಂದು ಕಂಪನಿಯ ಹೆಸರು ಹೇಳುತ್ತಾರೆ, ಇಲ್ಲವೇ ಯಾವ ದೊಡ್ಡ ಆಟಗಾರ ಯಾವುದರಲ್ಲಿ ಆಡುತ್ತಾನೆ ಅಂತ ಹೇಳುತ್ತಾರೆ. ನಾನಾದರೆ ಮೊದಲು ನಿಮ್ಮ ಕೈ ಹೇಗೆ ಬೀಸುತ್ತದೆ ಅಂತ ಕೇಳುತ್ತೇನೆ.

ಈ ಮಳೆಗಾಲದಲ್ಲಿ ಮೂರು ಬಗೆಯ ಬ್ಯಾಟ್‌ಗಳನ್ನು ಅದಲು ಬದಲು ಮಾಡುತ್ತಾ ಆಡಿದೆ. ಮೂರೂ 4ಯು ತೂಕದವು. ಅಂದರೆ ಗಟ್ (ಬ್ಯಾಟಿನ ತಂತಿ), ಗ್ರಿಪ್ ಬಿಟ್ಟು 80ರಿಂದ 84 ಗ್ರಾಂ. ಗಟ್ಟಿಂಗ್, ಅಂದರೆ ಗಟ್‌ನ ಬಿಗಿ ಕೂಡ ಮೂರಕ್ಕೂ ಒಂದೇ, 23 ಪೌಂಡ್. ಆದರೂ ಕೈಗೆ ಮೂರೂ ಬೇರೆ ಬೇರೆ. ಕಾರಣ, ತೂಕ ಎಲ್ಲಿ ಕೂತಿದೆ ಎನ್ನುವುದು. ಬ್ಯಾಟನ್ನು ಅಡ್ಡಲಾಗಿ ಒಂದು ಬೆರಳ ಮೇಲೆ ನಿಲ್ಲಿಸಿ, ಹಿಡಿಯ ತುದಿಯಿಂದ ಬೆರಳಿನ ತನಕ ಟೇಪ್ ಹಿಡಿಯಿರಿ. 29 ಸೆಂ.ಮೀ. ಆಸುಪಾಸು ಇದ್ದರೆ ಸಮತೂಕದ್ದು, 29.5 ದಾಟಿದರೆ ತಲೆ ಭಾರ, 28.5ಕ್ಕಿಂತ ಕಡಿಮೆ ಆದರೆ ತಲೆ ಹಗುರ. ಇದು ಒರಟು ಲೆಕ್ಕ, ಆದರೆ ಆರಿಸುವುದಕ್ಕೆ ಸಾಕು. ಯೋನೆಕ್ಸ್ ಕಂಪನಿಯ ಬ್ಯಾಟ್‌ಗಳಲ್ಲಿ ನೋಡುವುದಾದರೆ ಆಸ್ಟ್ರಾಕ್ಸ್ ಸಾಲಿನವು ಹೆಚ್ಚಾಗಿ ತಲೆ ಭಾರದವು, ನ್ಯಾನೋಫ್ಲೇರ್ ತಲೆ ಹಗುರದವು, ಆರ್ಕ್‌ಸೇಬರ್ ಸಮತೂಕದವು.

ತಲೆ ಭಾರದ್ದು ಎಲ್ಲರಿಗೂ ಇಷ್ಟ, ಯಾಕೆಂದರೆ ಎಲ್ಲರಿಗೂ ಸ್ಮ್ಯಾಶ್ ಇಷ್ಟ. ಸೌದೆ ಒಡೆಯುವ ಕೊಡಲಿಯ ಹಾಗೆ, ಎತ್ತುವಾಗ ಭಾರ, ಬೀಳುವಾಗ ಆ ಭಾರವೇ ಕೆಲಸ ಮಾಡುತ್ತದೆ. ನಾನು ಆಡಿದ್ದರ ಶಾಫ್ಟ್, ಅಂದರೆ ಹಿಡಿಗೂ ತಲೆಗೂ ನಡುವಿನ ಕೋಲು, ಕೂಡ ಗಡುಸು. ನನ್ನ ಕೈ ಉದ್ದಕ್ಕೆ, ನಿಧಾನಕ್ಕೆ ಬೀಸುವ ಕೈ. ಗಡುಸು ಶಾಫ್ಟ್ ಇಂಥ ಬೀಸಿಗೆ ಬಾಗುವುದೇ ಇಲ್ಲ, ಹಾಗಾಗಿ ಪೂರ್ತಿ ಬಲವನ್ನು ಭುಜವೇ ಕೊಡಬೇಕು. ಮೊದಲ ಗೇಮ್‌ನಲ್ಲಿ ಕಾಕ್ ಚೆನ್ನಾಗಿಯೇ ಹಿಂದಿನ ಗೆರೆ ಮುಟ್ಟುತ್ತಿತ್ತು. ಮೂರನೆಯದರ ಹೊತ್ತಿಗೆ ಡಬಲ್ಸ್‌ನಲ್ಲಿ ಎದುರಿನಿಂದ ನೇರಕ್ಕೆ, ವೇಗವಾಗಿ ಬಂದ ಡ್ರೈವ್‌ಗೆ ಬ್ಯಾಟ್ ತಡವಾಗಿ ಬರುತ್ತಿತ್ತು. ಅದೇ ಬ್ಯಾಟನ್ನು ನಮ್ಮ ಬ್ಯಾಚಿನ ತೀರ್ಥಹಳ್ಳಿ ಕಡೆಯ ಅಣ್ಣನಿಗೆ ಕೊಟ್ಟೆ. ಅಡಿಕೆ ತೋಟದಲ್ಲಿ ದುಡಿದ ತೋಳು, ಬೀಸು ಗಿಡ್ಡ, ವೇಗ ಬಹಳ. ಹೊಡೆದ ಸದ್ದೇ ಬೇರೆ. “ಇದನ್ನು ವಾಪಸ್ ಕೊಡಲ್ಲ ಮಾರಾಯ್ತಿ” ಅಂದರು. ಕೊಡಲೂ ಇಲ್ಲ.

ತಲೆ ಹಗುರದ್ದು ನೆಟ್ ಹತ್ತಿರ ಬಹಳ ಸುಖ. ಸ್ಮ್ಯಾಶ್ ತಡೆಯುವಾಗ ಮಣಿಕಟ್ಟು ಸ್ವಲ್ಪ ತಿರುಗಿಸಿದರೂ ಬ್ಯಾಟ್ ಅಲ್ಲಿರುತ್ತದೆ. ಆದರೆ ಹಿಂದಿನಿಂದ ಎತ್ತಿ ಹೊಡೆಯುವಾಗ ಬಲವನ್ನು ನಾವೇ ಹುಟ್ಟಿಸಬೇಕು. ಕೋರ್ಟ್ 13.4 ಮೀಟರ್ ಉದ್ದ. ನನ್ನ ಕಾಕ್ ಅರ್ಧ ದಾಟಿ ಎದುರಾಳಿಯ ತಲೆಯ ಮೇಲೇ ಬೀಳುತ್ತಿತ್ತು, ಅವರಿಗೆ ಹಬ್ಬ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಇದರಲ್ಲೇ ಎಲ್ಲ ಹೊಡೆತವನ್ನೂ ಹಿಂದಿನ ಗೆರೆಗೆ ಮುಟ್ಟಿಸಿದಳು. “ಅಕ್ಕಾ, ನೀವು ತೋಳಲ್ಲಿ ಹೊಡೀತೀರ, ನಾನು ಮಣಿಕಟ್ಟಲ್ಲಿ” ಅಂದಳು. ನೂರಕ್ಕೆ ನೂರು ಸರಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರ ಹೆಸರು ನಿಂತಿರುವುದೂ ಕೈಚಳಕ ಮತ್ತು ಹತೋಟಿಯ ಮೇಲೆ. ತೋಳಲ್ಲಿ ಬಲವಿಲ್ಲ ಅಂತ ಕೊರಗುವ ಮಕ್ಕಳಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಮೂರನೆಯದು ಸಮತೂಕದ್ದು, ಶಾಫ್ಟ್ ಸ್ವಲ್ಪ ಬಳುಕುವಂಥದ್ದು. ನನಗೆ ಒಗ್ಗಿದ್ದು ಇದು. ಉದ್ದನೆಯ ಬೀಸಿನಲ್ಲಿ ಕೈ ಮುಂದೆ ಬರುವಾಗ ಶಾಫ್ಟ್ ಹಿಂದಕ್ಕೆ ಬಾಗುತ್ತದೆ, ಕಾಕ್ ತಾಗುವ ಹೊತ್ತಿಗೆ ನೆಟ್ಟಗಾಗುತ್ತದೆ. ನಿಧಾನದ ಕೈಗೆ ಆ ಹೆಚ್ಚುವರಿ ವೇಗ ಬಹಳ ದೊಡ್ಡದು. ಮೈ ದಣಿದ ಮೇಲೂ ಕಾಕ್ ಹಿಂದಿನ ಗೆರೆಯ ಹತ್ತಿರವೇ ಬೀಳುತ್ತಿತ್ತು, ಭುಜ ಸುಮ್ಮನಿತ್ತು. ಆದರೆ ತೀರ್ಥಹಳ್ಳಿಯ ಅಣ್ಣ ಇದರಲ್ಲಿ ಸ್ಮ್ಯಾಶ್ ಹೊಡೆದರೆ ಕಾಕ್ ಪಕ್ಕದ ಗೆರೆಯಾಚೆ. ಅವರ ವೇಗಕ್ಕೆ ಬ್ಯಾಟಿನ ತಲೆ ಹಿಂದೆ ಉಳಿಯುತ್ತದೆ, ಮುಖ ಪೂರ್ತಿ ತಿರುಗುವ ಮೊದಲೇ ಕಾಕ್ ತಾಗುತ್ತದೆ. ಬ್ಯಾಟ್ ಅದೇ, ಕೈ ಬೇರೆ, ಅಷ್ಟೇ.

ನಿಮ್ಮ ಬೀಸು ಯಾವುದು ಅಂತ ತಿಳಿಯಬೇಕಾದರೆ ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆಯಲಿ. ಹೊಡೆಯುವ ಮುಂಚೆ ಬ್ಯಾಟ್ ಬೆನ್ನ ಹಿಂದೆ ಎಷ್ಟು ಇಳಿಯುತ್ತದೆ, ಕಾಕ್ ತಾಗುವಾಗ ಮಣಿಕಟ್ಟು ಎಷ್ಟು ತಿರುಗುತ್ತದೆ ನೋಡಿ. ನೀವು ಅಂದುಕೊಂಡದ್ದಕ್ಕಿಂತ ಬೇರೆಯೇ ಕಾಣಬಹುದು.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದ ಥಂಡಿಗೆ ಗ್ರಿಪ್ ಬೇಗ ಒಣಗಲ್ಲ, ಜಾರುತ್ತದೆ. ಹಾಗಾಗಿ ಹಳೆಯದರ ಮೇಲೇ ಹೊಸದು ಸುತ್ತುತ್ತಾರೆ. ಒಂದು ಓವರ್‌ಗ್ರಿಪ್ ಸುಮಾರು 5 ಗ್ರಾಂ. ಹಿಡಿಯ ಕಡೆ ಅಷ್ಟು ಕೂಡಿದರೆ ಸಮತೂಕದ ಜಾಗ ಹತ್ತಿರ ಹತ್ತಿರ 1 ಸೆಂ.ಮೀ. ಹಿಡಿಯತ್ತ ಸರಿಯುತ್ತದೆ. ಅಂದರೆ ತಲೆ ಭಾರದ್ದು ಅಂತ ಕೊಂಡದ್ದು ಸಮತೂಕದ್ದಾಗಿಬಿಟ್ಟಿರುತ್ತದೆ! ಹಳೆಯದನ್ನು ಬಿಚ್ಚಿ ಸುತ್ತಿ. ಹಿಡಿ ದಪ್ಪವಾದಷ್ಟೂ ಮಣಿಕಟ್ಟಿನ ಆಟವೂ ಕಡಿಮೆಯಾಗುತ್ತದೆ.

ಗಟ್ಟಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಧಾನದ ಕೈಯವರು 22–24 ಪೌಂಡಿನಲ್ಲೇ ಇರಿ. ಬಿಗಿ ಏರಿದಷ್ಟೂ ಕಾಕನ್ನು ಸರಿಯಾಗಿ ನಡುವಿಗೇ ಕೊಡಬೇಕಾಗುತ್ತದೆ. ಕೊಳ್ಳುವ ಮುಂಚೆ ಯಾರದಾದರೂ ಬ್ಯಾಟ್ ಕೇಳಿ ತಗೊಂಡು ಒಂದು ಸಂಜೆ ಪೂರ್ತಿ ಆಡಿ. ಅಂಗಡಿಯಲ್ಲಿ ಸುಮ್ನೆ ಗಾಳಿಗೆ ಬೀಸಿದರೆ ಎಲ್ಲ ಬ್ಯಾಟೂ ಚೆನ್ನಾಗಿಯೇ ಇರುತ್ತವೆ. ಕೊನೆಯ ಗೇಮ್‌ನಲ್ಲಿ, ಕೈ ಸೋತಾಗ, ಕಾಕ್ ಎಲ್ಲಿ ಬೀಳುತ್ತದೆ ಅಂತ ನೋಡಿ ಆರಿಸಿ.